ಕೊನೆಯ ಮುಚ್ಚಳ, ಎರಡು ಬಾಗಿಲು

ಬೈಲಹೊಂಗಲ

ವಿದೇಶಕ್ಕೆ ಹೋಗಿ ಬಂದವರು ಸೇತುವೆ, ಗೋಪುರ, ಅರಮನೆಗಳ ಬಗ್ಗೆ ಬರೆಯುತ್ತಾರೆ. ಇಂಗ್ಲೆಂಡಿನ ಉತ್ತರ ಭಾಗದ ಒಂದು ಗಿರಣಿ ಊರಿನಲ್ಲಿ ಕೆಲವು ತಿಂಗಳಿದ್ದು ಬಂದ ನಾನು ಹೆಚ್ಚಾಗಿ ನೋಡಿದ್ದು ಅಲ್ಲಿನ ಗಟಾರಗಳನ್ನು. ಕಂಡದ್ದನ್ನು ಕಂಡಷ್ಟೇ ಬರೆಯುತ್ತೇನೆ.

ನನ್ನದು ನೀರು ಪರೀಕ್ಷೆ ಮಾಡುವ ಕೆಲಸ. ಸಂಪಗಾಂವ, ಕಿತ್ತೂರು, ಸವದತ್ತಿ, ರಾಮದುರ್ಗ ಎಂದು ಬಸ್ಸಿನಲ್ಲಿ ತಿರುಗುತ್ತ, ಬಾವಿ ಕೆರೆಗಳ ನೀರನ್ನು ಕಾಯಿಸಿ ಶುದ್ಧ ಮಾಡಿದ ಬಾಟಲಿಗಳಲ್ಲಿ ತುಂಬಿ ತರುತ್ತಿದ್ದೆ. ಬರ್ಫದ ಪೆಟ್ಟಿಗೆಯಲ್ಲಿ ತರಬೇಕೆಂದು ನಿಯಮ. ಬರ್ಫ ಕರಗಿ ಬಸ್ಸಿನೊಳಗೆ ಹರಿದರೆ ಜನ ಬೈಯುತ್ತಾರೆಂದು ಕಂಡಕ್ಟರು ಪೆಟ್ಟಿಗೆಯನ್ನು ಇಂಜಿನ್ನಿನ ಪಕ್ಕಕ್ಕೆ ತಳ್ಳುತ್ತಿದ್ದ. ರಾಮದುರ್ಗದ ನೀರು ಬಿಸಿಯಾಗಿಯೇ ಬರುತ್ತಿತ್ತು.

ನಾವು ಬೌದ್ಧರು. ನನ್ನ ಅವ್ವ ಕಿತ್ತೂರಿನ ಕಡೆಯ ಹಳ್ಳಿಯವಳು. ಅಲ್ಲಿ ಬಾವಿಯ ಕಟ್ಟೆಯ ಕೆಳಗೆ ಕೊಡ ಇಟ್ಟು, ಯಾರಾದರೂ ಮೇಲಿಂದ ನೀರು ಸುರಿಯಲಿ ಎಂದು ಕಾಯುತ್ತಿದ್ದವಳು. ಅದೇ ಬಾವಿಗೆ ನಾನು ಹಗ್ಗ ಕಟ್ಟಿದ ಬಾಟಲಿ ಇಳಿಸಿದ ದಿನ ಕಟ್ಟೆಯ ಮೇಲೆ ಕುಳಿತಿದ್ದ ಒಬ್ಬ ಹಿರಿಯರು ಕೇಳಿದರು: “ಬಾಟ್ಲಿ ಸರಕಾರದ್ದು ಖರೆ. ಕೈ ಯಾರದು?”

“ಅದೂ ಸರಕಾರದ್ದರೀ, ಪಗಾರ ಅಲ್ಲಿಂದನ ಬರತೈತಿ,” ಎಂದೆ. ಸುತ್ತಲಿದ್ದವರು ನಕ್ಕರು. ಅವರೂ ನಕ್ಕರು. ನಾನು ಹೋದ ಮೇಲೆ ಬಾವಿಯ ನೀರೆಲ್ಲ ಎತ್ತಿ ಹೊರಗೆ ಚೆಲ್ಲಿಸಿದರೆಂದು ಆಮೇಲೆ ತಿಳಿಯಿತು.

ನಮ್ಮ ಪರೀಕ್ಷೆ ಸರಳ. ನೇರಳೆ ಬಣ್ಣದ ದ್ರವಕ್ಕೆ ಬಾವಿಯ ನೀರು ಬೆರೆಸಿ ಬೆಚ್ಚಗೆ ಇಡುತ್ತೇವೆ. ಅದು ಹಳದಿಗೆ ತಿರುಗಿ, ಒಳಗೆ ಬೋರಲು ಹಾಕಿದ ಪುಟ್ಟ ನಳಿಗೆಯಲ್ಲಿ ಗಾಳಿ ನಿಂತರೆ, ಆ ನೀರಿಗೆ ಮಲ ಸೇರಿರಬೇಕೆಂದು ತಿಳಿಯುತ್ತೇವೆ. ರೋಗ ತರುವ ಕ್ರಿಮಿ ಅದರಲ್ಲಿದೆಯೋ ಇಲ್ಲವೋ ಹೇಳಲು ಬರುವುದಿಲ್ಲ. ಒಂದು ಬೇಸಿಗೆ ದೊಡವಾಡದಲ್ಲಿ ಟೈಫಾಯ್ಡ್ ಬಂತು. ನಮ್ಮ ಕಡೆ ಅದಕ್ಕೆ ಮುದ್ದತಿನ ಜ್ವರ ಎನ್ನುತ್ತಾರೆ. ನೀರು ಕಾಯಿಸಿ ಕುಡಿಯಿರಿ ಎಂದು ಹೇಳಿದ್ದು ಬಿಟ್ಟರೆ ನಮ್ಮಿಂದ ಏನೂ ಆಗಲಿಲ್ಲ. ನೀರಿನೊಳಗಿನ ಕ್ರಿಮಿಯನ್ನೇ ಹಿಡಿಯುವ ವಿದ್ಯೆ ಕಲಿಯಲು ಒಬ್ಬರನ್ನು ಇಂಗ್ಲೆಂಡಿಗೆ ಕಳಿಸುತ್ತೇವೆ ಎಂದು ಮೇಲಿನವರು ಹೇಳಿದಾಗ, ಕಚೇರಿಯಲ್ಲಿ ನನಗಿಂತ ಹಿರಿಯರಾಗಿದ್ದವರ ಮನೆಯಲ್ಲಿ ಮಗಳ ಮದುವೆ ಗೊತ್ತಾಗಿತ್ತು. ಹಾಗಾಗಿ ನಾನು ಹೋದೆ.

ಬಚ್ಚಲಿಲ್ಲದ ಊರು

ಆ ಊರಿಗೆ ಮುಟ್ಟಿದ ಮರುದಿನ ಬೆಳಿಗ್ಗೆಯೇ ಒಂದು ಅನಾಹುತ ಮಾಡಿದೆ. ಬಾಡಿಗೆ ಮನೆಯ ಸ್ನಾನದ ಕೋಣೆಯಲ್ಲಿ ಮನುಷ್ಯ ಮಲಗುವಷ್ಟು ಉದ್ದದ ತೊಟ್ಟಿ ಇತ್ತು. ತಾನು ತೊಳೆದ ಕೊಳೆಯಲ್ಲಿ ತಾನೇ ಕೂರುವುದು ಮನಸ್ಸಿಗೆ ಬರಲಿಲ್ಲ. ತೊಟ್ಟಿಯಲ್ಲಿ ನೀರು ಹಿಡಿದು, ಹೊರಗೆ ನಿಂತು, ತಂಬಿಗೆಯಿಂದ ಮೈಮೇಲೆ ಸುರಿದುಕೊಂಡೆ. ನೆಲದಲ್ಲಿ ನೀರು ಹೋಗಲು ಕಿಂಡಿಯೇ ಇಲ್ಲವೆಂದು ಗಮನಿಸಿರಲಿಲ್ಲ. ನೀರು ಹಲಗೆಯ ಸಂದಿಯಿಂದ ಇಳಿದು, ಕೆಳಗೆ ಚಹಾ ಕುಡಿಯುತ್ತಿದ್ದ ಮನೆಯೊಡತಿಯ ಬಟ್ಟಲಿಗೇ ಬಿತ್ತು. ಆಕೆ ಬೈಯಲಿಲ್ಲ. ಬಾಗಿಲಿಗೆ ಒಂದು ಚೀಟಿ ಅಂಟಿಸಿದಳು: “ದಯವಿಟ್ಟು ನೀರು ತೊಟ್ಟಿಯೊಳಗೇ ಇರಲಿ.” ಅಲ್ಲಿಯವರು ಮುಖಕ್ಕೆ ಏನನ್ನೂ ಹೇಳುವುದಿಲ್ಲ. ಇದು ಒಳ್ಳೆಯ ಗುಣವೆಂದು ಆಗ ನನಗೆ ಅನಿಸಿತ್ತು.

ತಟ್ಟೆಗಳನ್ನು ಸೋಪಿನ ನೊರೆಯಲ್ಲಿ ಅದ್ದಿ, ಬರೀ ನೀರಿನಲ್ಲಿ ತೊಳೆಯದೆ ಹಾಗೆಯೇ ಒರೆಸಿ ಇಡುತ್ತಿದ್ದರು. ಆದರೆ ನಲ್ಲಿಯ ನೀರನ್ನು ಯಾರೂ ಎರಡನೆಯ ಸಲ ನೋಡುತ್ತಿರಲಿಲ್ಲ. ಗ್ಲಾಸು ಹಿಡಿದು ಕುಡಿಯುತ್ತಿದ್ದರು, ಕೆಲಸಕ್ಕೆ ಹೋಗುತ್ತಿದ್ದರು. ನಾನು ಮಾತ್ರ ಮೊದಲು ಗ್ಲಾಸನ್ನು ಬೆಳಕಿಗೆ ಹಿಡಿಯುತ್ತಿದ್ದೆ.

ಪರಸಣ್ಣನ ಮನೆ

ರಾಮದುರ್ಗ ತಾಲೂಕಿನ ಸಾಲಹಳ್ಳಿಗೆ ಬಾವಿ ನೀರು ತರಲು ಹೋದಾಗ ಅಲ್ಲಿ ನಮ್ಮವರೇ ಒಬ್ಬರು ತಮ್ಮನ ವಿಳಾಸ ಕೊಟ್ಟಿದ್ದರು. ತಮ್ಮ ಪರಸಪ್ಪ ಮುಂಬಯಿಯ ಗಿರಣಿಯಲ್ಲಿದ್ದು, ಅಲ್ಲಿಂದ ಇಂಗ್ಲೆಂಡಿನ ಇದೇ ಊರಿನ ಉಣ್ಣೆ ಗಿರಣಿಗೆ ಬಂದು ನೆಲೆಸಿದವನು. ಅಣ್ಣ ಕೊಟ್ಟಿದ್ದ ಜೋಳದ ಹಿಟ್ಟು ಮತ್ತು ಶೇಂಗಾ ಚಟ್ನಿಯ ಗಂಟನ್ನು ಮೊದಲ ರವಿವಾರವೇ ಮುಟ್ಟಿಸಿದೆ.

ಇಟ್ಟಿಗೆಯ ಒಂದೇ ರೀತಿಯ ಮನೆಗಳ ಉದ್ದನೆಯ ಸಾಲು. ಒಂದರ ಗೋಡೆಗೆ ಇನ್ನೊಂದು ಅಂಟಿಕೊಂಡು ನಿಂತಿದ್ದವು. ಪರಸಣ್ಣನ ಮುಂದಿನ ಕೋಣೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಕಲ್ಲಿದ್ದಲಿನ ಒಲೆ. ಹೆಂಡತಿ ಶಾಂತಾಬಾಯಿ ಸವದತ್ತಿಯವರು. ಹಿಟ್ಟಿನ ಗಂಟು ಬಿಚ್ಚಿ, ಮುಖದ ಹತ್ತಿರ ಹಿಡಿದು ಮೂಸಿದರು.

“ಯಾವ ಕೆಲಸದ ಮ್ಯಾಲೆ ಬಂದ್ಯೋ ತಮ್ಮಾ?” ಎಂದು ಕೇಳಿದರು.

“ನೀರು ತಪಾಸ ಮಾಡೂದು ಕಲ್ಯಾಕ ಬಂದೇನ್ರಿ ವೈನಿ. ಹೊಳಿ ನೀರು, ಗಟಾರದ ನೀರು.”

ಪರಸಣ್ಣ ಜೋರಾಗಿ ನಕ್ಕ. “ಏಳು ಸಮುದ್ರ ದಾಟಿ ಗಟಾರ ನೋಡಾಕ ಬಂದಾನಿವ! ಹೇಳಿದ್ರ ನಮ್ಮೂರ ಗಟಾರನ ತೋರಸ್ತಿದ್ದಿಲ್ಲೇನು, ಪುಕ್ಕಟ! ಕುಂದರ್ರಿ ನೀರಿನ ಸಾಹೇಬ್ರ, ಕುಂದರ್ರಿ.”

ಅಂದಿನಿಂದ ಪ್ರತಿ ರವಿವಾರ ನನ್ನ ಊಟ ಅಲ್ಲೇ. ನಮ್ಮ ಕಡೆ ಅತ್ತಿಗೆಗೆ ವೈನಿ ಎನ್ನುತ್ತೇವೆ; ವೈನಿ ಹತ್ತಿರದ ಮಕ್ಕಳ ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದರು. ಬಹಳ ಕಾಲ ತಟ್ಟೆ ತೊಳೆದ ಮೇಲೆ, ಆ ವರ್ಷವಷ್ಟೇ ಮಕ್ಕಳಿಗೆ ಬಡಿಸುವ ಕೆಲಸಕ್ಕೆ ನಿಲ್ಲಿಸಿದ್ದರು. ಅದನ್ನು ಹೇಳುವಾಗ ಅವರು ಸೌಟು ಹಿಡಿದಂತೆ ಕೈಯೆತ್ತಿ ತೋರಿಸುತ್ತಿದ್ದರು. “ಬಿಳೇ ಹುಡುಗೂರು ತಾಟ ಹಿಡಕೊಂಡ ಪಾಳಿ ಹಚ್ಚತಾವ ತಮ್ಮಾ. ‘ಇನ್ನಷ್ಟ ಹಾಕ, ಇನ್ನಷ್ಟ ಹಾಕ’ ಅಂತಾವ. ನಮ್ಮೂರಾಗ ನನ್ನ ಕೈಲೆ ಯಾರರೆ ಒಂದ ಗುಟಕ ನೀರ ಕುಡದಿದ್ರೇನು?”

ಅಡುಗೆಮನೆಯ ಕಿಟಕಿಯಿಂದ ಹಿತ್ತಲು ಕಾಣುತ್ತಿತ್ತು. ಎದೆಯೆತ್ತರದ ಗೋಡೆಯಾಚೆ ಪಕ್ಕದ ಮನೆಯ ಮಿಸೆಸ್ ಏವರಿ ಬಟ್ಟೆ ಒಣಗಿಸುತ್ತಿದ್ದರು. ಗಂಡ ತೀರಿದ ಮೇಲೆ ಒಬ್ಬರೇ ಇದ್ದ ಮುದುಕಿ, ಆ ಮನೆಯಲ್ಲೇ ಹುಟ್ಟಿದವರು. ಚಳಿಯ ಬಗ್ಗೆ ಒಂದು ಮಾತು ಆಡದೆ ಒಳಗೆ ಹೋಗುತ್ತಿರಲಿಲ್ಲ.

ಹೊಳೆಯ ದಂಡೆ

ಪ್ರಯೋಗಾಲಯದಲ್ಲಿ ನನಗೆ ಕಲಿಸುತ್ತಿದ್ದವರು ವಿಲ್ಕಿನ್ಸ್. ತೆಳ್ಳಗಿನ, ಮೆಲುದನಿಯ ಮನುಷ್ಯ. ಅಲ್ಲಿ ಬಾಟಲಿಯಲ್ಲಿ ನೀರು ತುಂಬಿ ತರುವುದನ್ನೇ ನೆಚ್ಚಿರಲಿಲ್ಲ. ನೀರು ಹರಿಯುತ್ತಿರುತ್ತದೆ, ಕ್ರಿಮಿ ಯಾವ ಗಳಿಗೆಯಲ್ಲಿ ಸಾಗಿ ಹೋಯಿತೋ ಯಾರಿಗೆ ಗೊತ್ತು? ಆದ್ದರಿಂದ ಗಾಯಕ್ಕೆ ಕಟ್ಟುವಂಥ ಬಟ್ಟೆಯನ್ನು ಮಡಚಿ, ಮುಷ್ಟಿಯಷ್ಟು ಉಂಡೆ ಮಾಡಿ, ತಂತಿ ಬಿಗಿದು ಹರಿಯುವ ನೀರಿನಲ್ಲಿ ತೂಗುಬಿಡುತ್ತಿದ್ದರು. ಕೆಲವು ದಿನ ಅದು ಅಲ್ಲೇ ಇದ್ದು, ಹಾದುಹೋಗುವುದನ್ನೆಲ್ಲ ತನ್ನೊಳಗೆ ಹಿಡಿದುಕೊಳ್ಳುತ್ತಿತ್ತು. ಆಮೇಲೆ ತೆಗೆದು, ಟೈಫಾಯ್ಡ್ ಕ್ರಿಮಿ ಮಾತ್ರ ಚೆನ್ನಾಗಿ ಬೆಳೆಯುವಂಥ ದ್ರವದಲ್ಲಿ ನೆನೆಸಿಟ್ಟು, ಅಲ್ಲಿಂದ ಗಾಜಿನ ತಟ್ಟೆಗೆ ಹಚ್ಚುತ್ತಿದ್ದರು. ಕ್ರಿಮಿ ಇದ್ದರೆ ತಟ್ಟೆಯ ಮೇಲೆ ಕಪ್ಪು ಚುಕ್ಕೆಗಳು ಏಳುತ್ತಿದ್ದವು, ಸುತ್ತಲೂ ಲೋಹದ ಹೊಳಪು.

ಅದೇ ಉಂಡೆಯನ್ನು ಹಿಂಡಿದ ರಸ ಪಕ್ಕದ ಕೋಣೆಗೂ ಹೋಗುತ್ತಿತ್ತು. ಅಲ್ಲಿ ಮಂಗನ ಮೂತ್ರಪಿಂಡದ ಜೀವಕೋಶಗಳನ್ನು ಗಾಜಿಗೆ ಅಂಟಿದ ತೆಳು ಹಾಳೆಯಂತೆ ಬೆಳೆಸಿರುತ್ತಿದ್ದರು. ರಸದಲ್ಲಿ ಪೋಲಿಯೋದಂಥ ವೈರಸ್ ಇದ್ದರೆ ಆ ಹಾಳೆಯಲ್ಲಿ ತೂತು ಬೀಳುತ್ತಿತ್ತು. ರಾಮದುರ್ಗದ ಕಡೆ ಒಂದು ಕಾಲು ಸೊರಗಿದ ಮಕ್ಕಳನ್ನು ನಾನು ಎಷ್ಟೋ ನೋಡಿದ್ದೆ. ಅದನ್ನು ಮಾಡಿದ್ದರ ಗುರುತನ್ನು ಕಣ್ಣಾರೆ ಕಂಡದ್ದು ಅಲ್ಲೇ ಮೊದಲು.

ವಸಂತದ ಹೊತ್ತಿಗೆ ಊರಿನ ಕೆಲವು ಮಕ್ಕಳಿಗೆ ಟೈಫಾಯ್ಡ್ ಬಂತು. ಬೇರೆ ಬೇರೆ ಓಣಿಯವರು, ಬೇರೆ ಬೇರೆ ಶಾಲೆಯವರು. ಎಲ್ಲರೂ ಊರ ನಡುವಿನ ಸಣ್ಣ ಹೊಳೆಯಲ್ಲಿ ಆಡಿದವರು. ವಿಲ್ಕಿನ್ಸ್ ಮತ್ತು ನಾನು ಹೊಳೆಗೆ ಉಂಡೆ ಕಟ್ಟಿ ಬಂದೆವು. ತಟ್ಟೆಯ ಮೇಲೆ ಕಪ್ಪು ಚುಕ್ಕೆಗಳು ಎದ್ದವು.

ಮ್ಯಾನ್‌ಹೋಲುಗಳು

ಹೊಳೆಯ ದಂಡೆಯಲ್ಲಿ ಒಂದು ಕೊಳವೆಯ ಬಾಯಿ ಇತ್ತು. ಜೋರು ಮಳೆ ಬಂದಾಗ ಮಾತ್ರ ಹೆಚ್ಚಿನ ನೀರು ಅಲ್ಲಿಂದ ಹೊರಬೀಳಬೇಕು. ಆದರೆ ಒಳಗೆಲ್ಲೋ ಹಳೆಯ ಇಟ್ಟಿಗೆ ಕುಸಿದು, ಒಣ ದಿನದಲ್ಲೂ ಗಟಾರದ ನೀರು ಹೊಳೆಗೆ ಸೋರುತ್ತಿತ್ತು. ಮಕ್ಕಳ ಹೊಟ್ಟೆಗೆ ರೋಗ ಹೋದ ದಾರಿ ಇದೇ. ಆ ಕೊಳವೆ ನಗರಸಭೆಯದು. ಅದನ್ನು ಯಾರು ಯಾವಾಗ ರಿಪೇರಿ ಮಾಡಬೇಕಿತ್ತು ಎಂದು ಯಾರೂ ಕೇಳಿದ್ದನ್ನು ನಾನು ಕಾಣೆ. ಎಲ್ಲರಿಗೂ ಬೇಕಾಗಿದ್ದು ಕ್ರಿಮಿ ಯಾರ ಹೊಟ್ಟೆಯಿಂದ ಬಂತು ಎನ್ನುವುದು. ಟೈಫಾಯ್ಡ್ ವಾಸಿಯಾದ ಮೇಲೂ ಕೆಲವರ ಪಿತ್ತಕೋಶದಲ್ಲಿ ಕ್ರಿಮಿ ವರ್ಷಗಟ್ಟಲೆ ಉಳಿದು, ಮಲದ ಜೊತೆ ಹೊರಬೀಳುತ್ತಲೇ ಇರುತ್ತದೆ. ಅವರಿಗೆ ತಿಳಿಯುವುದೂ ಇಲ್ಲ.

ಗಟಾರದಲ್ಲಿ ಮೇಲಕ್ಕೆ ಹೋಗುತ್ತ ಪ್ರತಿ ಕವಲಿನ ಮ್ಯಾನ್‌ಹೋಲಿನಲ್ಲೂ ಉಂಡೆ ಇಳಿಬಿಟ್ಟೆವು. ಒಂದು ಕವಲಿನಲ್ಲಿ ಚುಕ್ಕೆ ಬಂದರೆ ಆ ಕಡೆ ಹೊರಳುವುದು, ಬಾರದ ಕಡೆಯನ್ನು ಬಿಡುವುದು. ಹೀಗೆ ಇಡೀ ಊರು ಒಂದು ಪೇಟೆಗೆ, ಪೇಟೆ ಒಂದು ರಸ್ತೆಗೆ ಇಳಿಯಿತು. ಇದಕ್ಕಿಂತ ಚೊಕ್ಕಟವಾದ ಕೆಲಸವನ್ನು ನಾನು ಕಂಡಿರಲಿಲ್ಲ. ನಮ್ಮೂರುಗಳಲ್ಲಿ ಇದು ನಡೆಯುವ ಹಾಗಿಲ್ಲ. ನೆಲದ ಕೆಳಗೆ ಗಟಾರವಿಲ್ಲ, ಎಲ್ಲರದೂ ಬೀದಿಯ ಮೇಲೇ ಹರಿಯುತ್ತದೆ.

ಆ ಪೇಟೆಯ ಹೆಸರು ಕೇಳಿದಾಗ ನನಗೆ ಏನೂ ಅನಿಸಲಿಲ್ಲ. ರಸ್ತೆಯ ಹೆಸರು ಕೇಳಿದಾಗ ಕೈಯಲ್ಲಿದ್ದ ತಂತಿಯನ್ನು ಕೆಳಗಿಟ್ಟೆ.

ಕೊನೆಯ ಮುಚ್ಚಳ

ಮನೆಗಳ ಹಿಂದಿನ ಓಣಿಯಲ್ಲಿ ಕೊನೆಯ ಮ್ಯಾನ್‌ಹೋಲಿನ ಮುಚ್ಚಳ ಇತ್ತು. ಅದಕ್ಕೆ ಎರಡೇ ಮನೆಗಳ ಕೊಳವೆ ಸೇರುತ್ತಿತ್ತು, ಪರಸಣ್ಣನದು ಮತ್ತು ಮಿಸೆಸ್ ಏವರಿಯವರದು. ಅಲ್ಲಿಯ ಉಂಡೆಯಲ್ಲೂ ಚುಕ್ಕೆ ಬಂತು. ವಿಲ್ಕಿನ್ಸ್ ಆರೋಗ್ಯ ಇಲಾಖೆಗೆ ಕಳಿಸಿದ ವರದಿಯನ್ನು ನಾನು ಓದಿದೆ. “ಎರಡು ಮನೆಗಳು. ಪ್ರತ್ಯೇಕವಾಗಿ ಪರೀಕ್ಷಿಸುವುದು ಬಾಕಿ ಇದೆ,” ಎಂದಷ್ಟೇ ಬರೆದಿದ್ದರು.

ಇಲಾಖೆಯವರು ಬಾಕಿಗೆ ಕಾಯಲಿಲ್ಲ. ಮರುದಿನವೇ ಒಂದು ಬಾಗಿಲು ಬಡಿದರು.

ಸಂಜೆ ನಾನು ಹೋದಾಗ ಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ವೈನಿಯನ್ನು ಶಾಲೆಯಿಂದ ಮಧ್ಯಾಹ್ನವೇ, ಮಕ್ಕಳು ಪಾಳಿಯಲ್ಲಿ ನಿಂತಿರುವಾಗಲೇ, ಸೌಟು ಇಸಿದುಕೊಂಡು ಮನೆಗೆ ಕಳಿಸಿದ್ದರು. ಗಂಡ ಹೆಂಡತಿ ಇಬ್ಬರೂ ಮಲದ ಮಾದರಿ ಕೊಡಬೇಕು, ಫಲಿತಾಂಶ ಬರುವವರೆಗೆ ಆಕೆ ಯಾರಿಗೂ ಅನ್ನ ಬಡಿಸಬಾರದು ಎಂದಿದ್ದರು.

“ಏನಪಾ ನೀರಿನ ಸಾಹೇಬ,” ಎಂದ ಪರಸಣ್ಣ. ಈ ಸಲ ನಗು ಇರಲಿಲ್ಲ. “ನಮ್ಮ ಮನಿ ಅನ್ನಾ ಉಂಡು ನಮ್ಮ ಮೋರಿಗೇ ಅರಿವಿ ಕಟ್ಟಿದ್ಯೇನು?”

“ಎರಡೂ ಮನಿ ಕೂಡೂ ಜಾಗಾದಾಗ ಕಟ್ಟೇವಿ ಅಣ್ಣಾ. ನಿಮ್ಮನಿಂದನ ಅಂತ ಯಾರೂ ಹೇಳಿಲ್ಲ.”

“ಮತ್ತ ಆ ಮುದಕಿ ಮನಿಗೆ ಯಾಕ ಹೋಗಲಿಲ್ಲ?”

ಉತ್ತರ ಅವನಿಗೂ ಗೊತ್ತಿತ್ತು. ಇಲಾಖೆಯವರು ಮೊದಲು ಕೇಳಿದ ಪ್ರಶ್ನೆಯೇ ಇಂಡಿಯಾದಿಂದ ಯಾವಾಗ ಬಂದಿರಿ ಎಂದು.

ವೈನಿ ಕಿಟಕಿಯ ಹತ್ತಿರ ನಿಂತಿದ್ದರು. ತಿರುಗದೆಯೇ ಹೇಳಿದರು: “ಊರಾಗ ನಮ್ಮನ್ನ ಬಾವಿ ತನಕಾ ಬರಗೊಡಲಿಲ್ಲ. ಇಲ್ಲಿ ನಮ್ಮ ಹೇಲು ಹಿಡಕೊಂಡ ಮನಿ ತನಕಾ ಬಂದ್ರು. ಯಾವದ ಛಲೋ, ನೀನ ಹೇಳಪಾ, ಕಲ್ತಾಂವ ಅದಿ.”

ಆ ವಾರ ಊರಿನ ಪತ್ರಿಕೆಯಲ್ಲಿ ಸುದ್ದಿ ಬಂತು. ಹೆಸರು ಹಾಕಿರಲಿಲ್ಲ. ‘ವಲಸೆ ಬಂದ ಕುಟುಂಬದ, ಶಾಲೆಯ ಅಡುಗೆಮನೆಯ ಮಹಿಳೆ’ ಎಂದಿತ್ತು. ಅಂಥ ಮಹಿಳೆ ಆ ಶಾಲೆಯಲ್ಲಿ ಒಬ್ಬಳೇ. ಮಕ್ಕಳು ಬೇರೆ ಬೇರೆ ಶಾಲೆಯವರು, ಅವರು ಹೊಳೆಯಿಂದ ಜ್ವರ ಹಚ್ಚಿಕೊಂಡರು, ಆಕೆಯ ಕೈಯಿಂದಲ್ಲ ಎನ್ನುವ ಮಾತು ಅದರಲ್ಲಿ ಇರಲಿಲ್ಲ. ಕಿರಾಣಿ ಅಂಗಡಿಯವನು ಚಿಲ್ಲರೆಯನ್ನು ವೈನಿಯ ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟನಂತೆ. ಅದನ್ನು ಹೇಳುವಾಗ ಅವರು ನಕ್ಕರು: “ಥೇಟ ಸವದತ್ತಿ ಪ್ಯಾಟ್ಯಾಗ ನಿಂತಂಗಾತು ನೋಡು.”

ಬೇರೆ ಬೇರೆ ಕೊಳವೆ

ಇಬ್ಬರ ಮಾದರಿಗಳೂ ಮೇಲಿಂದ ಮೇಲೆ ಶುದ್ಧ ಬಂದವು. ಆ ತಟ್ಟೆಗಳನ್ನು ನೋಡಲು ನನಗೆ ಕೊಡಲಿಲ್ಲ. ನಾನು ಅವರ ಪರಿಚಯದವನೆಂದು ತಿಳಿದು ವಿಲ್ಕಿನ್ಸ್ ತಾವೇ ನೋಡಿದರು. ಸರಿಯಾದದ್ದನ್ನೇ ಮಾಡಿದರು. ಅಷ್ಟರಲ್ಲಿ ಅವರು ಇಲಾಖೆಯೊಂದಿಗೆ ಮತ್ತೆ ಮತ್ತೆ ಮಾತಾಡಿ, ಎರಡೂ ಹಿತ್ತಲುಗಳೊಳಗೆ ಉಂಡೆ ಕಟ್ಟಲು ಅನುಮತಿ ಪಡೆದಿದ್ದರು. ವಯಸ್ಸಾದ ಹೆಂಗಸಿಗೆ ಸುಮ್ಮನೆ ತೊಂದರೆ ಯಾಕೆ ಎಂದು ಇಲಾಖೆಯವರು ತಡೆದಿದ್ದರಂತೆ.

ಪರಸಣ್ಣನ ಹಿತ್ತಲಿನ ಉಂಡೆ ಶುದ್ಧವಾಗಿತ್ತು. ಮಿಸೆಸ್ ಏವರಿಯವರ ಹಿತ್ತಲಿನ ಉಂಡೆಯ ತಟ್ಟೆ ಕಪ್ಪು ಚುಕ್ಕೆಗಳಿಂದ ತುಂಬಿಹೋಗಿತ್ತು. ಹುಡುಗಿಯಾಗಿದ್ದಾಗ ಒಮ್ಮೆ ಬಹಳ ದಿನ ಜ್ವರದಿಂದ ಮಲಗಿದ್ದು ಅವರಿಗೆ ನೆನಪಿತ್ತು, ಅಷ್ಟೇ. ಅವರದೂ ತಪ್ಪಲ್ಲ.

ಅವರ ಮನೆಗೆ ಡಾಕ್ಟರು ಸದ್ದಿಲ್ಲದೆ ಸಂಜೆ ಹೋದರು. ಚಹಾ ಕುಡಿದು, ಔಷಧಿ ಬರೆದುಕೊಟ್ಟು ಬಂದರು. ಪತ್ರಿಕೆಯಲ್ಲಿ ಒಳಪುಟದ ಮೂಲೆಯಲ್ಲಿ ಒಂದು ಸಾಲು ಬಂತು: ಟೈಫಾಯ್ಡಿನ ಮೂಲ ಸಿಕ್ಕಿದೆ, ಕ್ರಮ ಕೈಗೊಳ್ಳಲಾಗಿದೆ, ಜನ ಹೆದರಬೇಕಿಲ್ಲ. ಇಡೀ ರಸ್ತೆ ಅದನ್ನು ಓದಿ, ತಮಗೆ ಮೊದಲೇ ಗೊತ್ತಿದ್ದದ್ದು ನಿಜವಾಯಿತೆಂದುಕೊಂಡಿತು.

ನಾನು ವಿಲ್ಕಿನ್ಸ್ ಅವರನ್ನು ಕೇಳಿದೆ, ರೋಗದ ಮೂಲ ಶಾಲೆಯ ಅಡುಗೆಮನೆಯ ಮಹಿಳೆಯಲ್ಲ ಎಂದು ಪತ್ರಿಕೆಯಲ್ಲಿ ಬರೆಸಬಾರದೇ ಎಂದು.

“ಆಕೆಯಲ್ಲ ಎಂದರೆ ಇನ್ನೊಬ್ಬರು ಎಂದು ಹೇಳಿದಂತೆ,” ಎಂದರು. “ಕೊನೆಯ ಮುಚ್ಚಳಕ್ಕೆ ಎರಡೇ ಮನೆ. ರೋಗಿಯ ಹೆಸರು ಹೊರಬೀಳುವಂತಿಲ್ಲ. ಅದು ನಮ್ಮ ನಿಯಮ.”

“ಒಂದು ಮನೆ ಆಗಲೇ ಹೊರಬಿದ್ದಿದೆ.”

“ಹೌದು,” ಎಂದರು. “ಪರೀಕ್ಷೆ ಮಾತ್ರ ಸರಿಯಾಗಿತ್ತು.”

ಶಾಲೆಯವರು ಬಹಳ ವಿನಯದಿಂದ ವೈನಿಯನ್ನು ಮತ್ತೆ ಕರೆದರು. ಬಡಿಸುವ ಜಾಗಕ್ಕೆ ಬೇರೆಯವರು ಬಂದುಬಿಟ್ಟಿದ್ದಾರೆ, ನೆಲ ಒರೆಸುವ ಕೆಲಸ ಖಾಲಿ ಇದೆ ಎಂದರು.

ಹಿತ್ತಲ ಗೋಡೆ

ನಾನು ಊರಿಗೆ ಹೊರಡುವ ಮುಂಚಿನ ರವಿವಾರ ಊಟಕ್ಕೆ ಕರೆದಿದ್ದರು. ವೈನಿ ರೊಟ್ಟಿ ಬಡಿಯುತ್ತಿದ್ದರು. ಪರಸಣ್ಣ ಕೋಣೆಯಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದ. ಪಕ್ಕದ ಮನೆಯ ವಿಷಯವನ್ನು ನಾನು ಬಾಯಿಬಿಟ್ಟು ಹೇಳಿರಲಿಲ್ಲ, ಹೇಳುವ ಅಧಿಕಾರ ನನಗಿರಲಿಲ್ಲ. ಆದರೆ ಹಿತ್ತಲಿನಲ್ಲಿ ಉಂಡೆ ಕಟ್ಟಿದ್ದನ್ನು ಅವರು ನೋಡಿದ್ದರು, ಡಾಕ್ಟರ ಕಾರನ್ನೂ ನೋಡಿದ್ದರು.

“ನಾಳೆ ನಾನು ಗಿರಣಿ ಮುಂದ ನಿಂತ ಒದರತೇನಿ,” ಎಂದ ಪರಸಣ್ಣ. “ಬ್ಯಾನಿ ಇದ್ದದ್ದ ಆ ಮುದಕೀಗೆ, ನನ್ನ ಹೇಣತಿಗಲ್ಲ ಅಂತ ಓಣಿಗೆಲ್ಲಾ ಹೇಳತೇನಿ.”

“ಹೇಳು,” ಎಂದರು ವೈನಿ, ರೊಟ್ಟಿ ತಿರುವಿ ಹಾಕುತ್ತ. “ಏನಂತಾರ ಗೊತ್ತೈತೇನು? ಆಕೀಗೂ ನಾನ ಹಚ್ಚೇನಿ ಅಂತಾರ.”

“ಹಂಗ ಹೆಂಗ ಅಂತಾರ? ಇವ ಅದಾನಲ್ಲ, ತಪಾಸ ಮಾಡಿದಾಂವ.”

“ಇಂವಾ ಎಲ್ಲಿಯಾಂವ?” ಎಂದರು ವೈನಿ. ಪರಸಣ್ಣ ಕುಳಿತುಬಿಟ್ಟ.

ಅಷ್ಟರಲ್ಲಿ ಹಿತ್ತಲಿನಿಂದ ಯಾರೋ ಕರೆದರು. ಗೋಡೆಯಾಚೆ ಮಿಸೆಸ್ ಏವರಿ ನಿಂತಿದ್ದರು. ವೈನಿ ಹಿಟ್ಟಿನ ಕೈಯಲ್ಲೇ ಹೊರಗೆ ಹೋದರು. ನಾನೂ ಬಾಗಿಲವರೆಗೆ ಹೋದೆ. ಮುದುಕಿ ಬಡವಾಗಿದ್ದರು. ಆದರೆ ಮುಖದಲ್ಲಿ ಕಪಟವಿರಲಿಲ್ಲ, ಇದನ್ನು ನಾನು ಖಚಿತವಾಗಿ ಹೇಳಬಲ್ಲೆ. ಡಾಕ್ಟರು ಅವರಿಗೆ ಏನು ಹೇಳಿದ್ದರೋ, ಹೇಳಿದ್ದರಲ್ಲಿ ಅವರಿಗೆ ಎಷ್ಟು ತಿಳಿದಿತ್ತೋ ನಾನರಿಯೆ.

“ನನಗೂ ಅದೇ ಆಗಿದೆಯಂತೆ,” ಎಂದರು ಮೆಲ್ಲಗೆ. “ಗುಳಿಗೆ ತೆಗೆದುಕೊಳ್ಳುತ್ತಿದ್ದೇನೆ. ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡಮ್ಮ. ಬೇಕೆಂದು ಮಾಡಿದ್ದಲ್ಲವೆಂದು ನನಗೆ ಗೊತ್ತು. ನನಗೆ ನಿನ್ನ ಮೇಲೆ ಸಿಟ್ಟಿಲ್ಲ.” ಗೋಡೆಯ ಮೇಲಿಂದ ಕೈ ಚಾಚಿ ವೈನಿಯ ತೋಳು ತಟ್ಟಿದರು. ಆ ರಸ್ತೆಯಲ್ಲಿ ಇಷ್ಟು ದಿನಗಳ ಮೇಲೆ ವೈನಿಯನ್ನು ಮುಟ್ಟಿದ್ದು ಅದೊಂದೇ ಕೈ.

ವೈನಿ ಆ ಕೈಯನ್ನು ನೋಡಿದರು. ಬಾಯಿ ತೆರೆದರು. ನಾನು ಕಾದೆ.

“ಥ್ಯಾಂಕ್ ಯೂ,” ಎಂದರು.

ಒಳಗೆ ಬಂದಾಗ ಹಂಚಿನ ಮೇಲಿನ ರೊಟ್ಟಿ ಕರಕಾಗಿತ್ತು. ಅದನ್ನು ತೆಗೆದಿಟ್ಟು ಇನ್ನೊಂದು ಬಡಿಯಲು ಕೂತರು. ಏನಂದಳು ಆಕೆ ಎಂದು ಪರಸಣ್ಣ ಕೇಳಿದ.

“ಕ್ಷಮಾ ಮಾಡ್ಯಾಳಂತ,” ಎಂದರು ವೈನಿ. “ನನ್ನ.”